ಉಸಿರು ಬಿಡುತ್ತಾ ಮೇಲೆ ಬರುವುದನ್ನು ಕಲಿತದ್ದು

ನಾನು ಭಟ್ಕಳದ ಕಡೆಯವನು. ಹತ್ತು ವರ್ಷಕ್ಕೇ ಅಣ್ಣಂದಿರ ಜೊತೆ ಸಮುದ್ರದ ಬಂಡೆಗೆ ಅಂಟಿರುವ ನೀಲಿಕಲ್ಲು ಅನ್ನುವ ಚಿಪ್ಪುಜೀವಿ ಕೀಳಲು ಮುಳುಗುತ್ತಿದ್ದೆ. ಎದೆ ತುಂಬ ಉಸಿರೆಳೆದು, ಬಿಗಿಹಿಡಿದು, ಕೈಗೆ ಸಿಕ್ಕಷ್ಟು ಕಿತ್ತು, ಕಾಲು ಬಡಿದು ಸರ್ರನೆ ಮೇಲೆ. ಡೈವಿಂಗ್ ಕಲಿಯಲು ಹೋದಾಗ ಇದೇ ನನ್ನ ಬಂಡವಾಳ ಅಂದುಕೊಂಡಿದ್ದೆ. ಮೊದಲು ಮರೆಯಬೇಕಾಗಿ ಬಂದದ್ದೂ ಇದನ್ನೇ.

ಮೇಲೆ ಎಳೆದುಕೊಂಡ ಉಸಿರು ಆಳದಲ್ಲಿ ನೀರಿನ ಒತ್ತಡಕ್ಕೆ ಕುಗ್ಗಿ, ವಾಪಸ್ ಬರುವಾಗ ಮೊದಲಿನಷ್ಟೇ ಆಗುತ್ತದೆ. ಅದಕ್ಕೇ ನೀಲಿಕಲ್ಲಿನವರ ಪುಪ್ಪುಸಕ್ಕೆ ಏನೂ ಆಗುವುದಿಲ್ಲ. ಆದರೆ 10 ಮೀಟರ್ ಕೆಳಗೆ ಸಿಲಿಂಡರಿನಿಂದ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿದ್ದರೆ ಪುಪ್ಪುಸ ಹರಿದು, ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮಿದುಳು ಮುಟ್ಟಬಹುದು. ಎದೆ ತುಂಬ ಉಸಿರು ಹಿಡಿದವನಿಗೆ ಒಂದೂವರೆ ಮೀಟರ್ ನೀರೂ ಸಾಕು. 30 ಮೀಟರಿನಿಂದ 20ಕ್ಕೆ ಬರುವಾಗ ಹಿಗ್ಗುವುದು ಮೂರನೇ ಒಂದು ಭಾಗ ಮಾತ್ರ. ಇಮ್ಮಡಿಯಾಗುವುದು ಕೊನೆಯ 10 ಮೀಟರಿನಲ್ಲಿ. ದೋಣಿಯ ತಳ ಕಂಡು ಮನಸ್ಸು ಓಡತೊಡಗುವುದೂ ಅಲ್ಲೇ.

ತರಬೇತಿಯಲ್ಲಿ ಗುರುಗಳು ಒಂದು ಕೈಯಲ್ಲಿ ಲಂಗರಿನ ಹಗ್ಗ, ಇನ್ನೊಂದು ಕೈಯಲ್ಲಿ ನನ್ನ ಜಾಕೆಟ್ ಹಿಡಿದಿರುತ್ತಿದ್ದರು. ಗಾಳಿ ಮುಗಿದಿದೆ ಅಂದುಕೊಂಡು, ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲೇ ಇಟ್ಟು, ‘ಆ…’ ಎನ್ನುತ್ತಾ ಮೇಲೇರಬೇಕು. ಮೊದಲ ಸಲ ನಾಲ್ಕು ಮೀಟರಿನಲ್ಲಿ ನನ್ನ ‘ಆ’ ನಿಂತುಹೋಯಿತು. ಗಂಟಲು ತಾನಾಗಿಯೇ ಮುಚ್ಚಿಕೊಂಡಿತ್ತು. ಜಾಕೆಟ್ ಬಿಗಿಯಾಯಿತು, ಅವರು ನನ್ನನ್ನು ಅಲ್ಲೇ ತಡೆದರು. ದೋಣಿಗೆ ಬಂದ ಮೇಲೆ, “ನೀನಿನ್ನೂ ಕಲ್ಲು ಕೀಳ್ತಾ ಇದ್ದೀಯ ಮಾರಾಯ” ಅಂದರು. ಆ ದಿನದಿಂದ ಬೈಕ್ ಓಡಿಸುವಾಗ, ಮನೆಯ ಮೆಟ್ಟಿಲು ಹತ್ತುವಾಗ ‘ಆ’ ಅನ್ನುವುದೇ ಅಭ್ಯಾಸ. ಅಮ್ಮ ಗಾಬರಿಯಾಗಿ ಗಂಟಲುನೋವಾ ಅಂತ ಕೇಳಿದ್ದಳು.

ಆಮೇಲೆ ಕಮರ್ಷಿಯಲ್ ತರಬೇತಿ, ಅಂದರೆ ನೀರಿನಡಿ ಕೂಲಿಗೆ ಕೆಲಸ ಮಾಡುವ ಡೈವಿಂಗ್. ಅಲ್ಲಿ ಬೆನ್ನಿನ ಸಿಲಿಂಡರ್ ಆಪತ್ತಿಗೆ ಮಾತ್ರ. ಉಸಿರು ಬರುವುದು ಮೇಲಿನಿಂದ, ಅಂಬಿಲಿಕಲ್ ಅನ್ನುವ ಉದ್ದನೆಯ ಪೈಪಿನಲ್ಲಿ. ನನ್ನ ಆಳ ಎಷ್ಟೆಂದು ಎದೆಯ ಬಳಿಯ ಸಣ್ಣ ಕೊಳವೆಯಿಂದ ಸೂಪರ್‌ವೈಸರ್ ನೋಡಿಕೊಳ್ಳುತ್ತಾರೆ. ಹೊರಡು ಎಂದಾಗ ಹೊರಡಬೇಕು, ನಿಲ್ಲು ಎಂದಲ್ಲಿ ನಿಲ್ಲಬೇಕು. ಏರುವ ವೇಗ ನಿಮಿಷಕ್ಕೆ 9 ಮೀಟರ್, ಅಂದರೆ ಸೆಕೆಂಡಿಗೆ ಒಂದು ಗೇಣೂ ಇಲ್ಲ. ಅಮೆರಿಕದ ನೌಕಾಪಡೆಯ ಪಟ್ಟಿಯ ಪ್ರಕಾರ 100 ಅಡಿ ಆಳದಲ್ಲಿ 25 ನಿಮಿಷ ದಾಟಿದರೆ ದಾರಿಯಲ್ಲಿ ನಿಲುಗಡೆ ಕಡ್ಡಾಯ. ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಬೀಳಲು ಸಮಯ ಬೇಕು, ಇಲ್ಲದಿದ್ದರೆ ಅದು ಒಳಗೇ ಗುಳ್ಳೆಯಾಗಿ ಕೀಲುಗಳಲ್ಲಿ ನೋವು ತರುತ್ತದೆ. ಕಲಿಯುವವರು ಟೆಂಡರ್ ಕೆಲಸವನ್ನು, ಅಂದರೆ ಮೇಲೆ ನಿಂತು ಡೈವರನ ಪೈಪ್ ನೋಡಿಕೊಳ್ಳುವುದನ್ನು, ಕೀಳಾಗಿ ನೋಡಬೇಡಿ. ಪೈಪ್ ಹಿಡಿದು ಇನ್ನೊಬ್ಬನನ್ನು ಮೇಲಕ್ಕೆ ತಂದಾಗಲೇ ಆ ನಿಧಾನ ನನ್ನ ಕೈಗೆ ಹತ್ತಿದ್ದು.

ಪಟ್ಟಿ ಪಾಲಿಸಿದರೂ ಒಮ್ಮೆ ಕೆಲಸ ಮುಗಿದ ಸಂಜೆ ಎಡ ಭುಜ ಹಿಡಿಯಿತು. ಹಲ್ಲುನೋವಿನ ಹಾಗೆ ಒಳಗಿನಿಂದ ನೋವು, ಒತ್ತಿದರೆ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕೆಲಸ ಹೋದೀತೆಂದು ಬಾಯಿ ಬಿಡದೆ ಮಲಗಿದೆ. ರಾತ್ರಿ ಎರಡಕ್ಕೆ ತಡೆಯಲಾರದೆ ಸೂಪರ್‌ವೈಸರನ್ನು ಎಬ್ಬಿಸಿದೆ. ಅವರು ಒಂದು ಮಾತೂ ಬೈಯಲಿಲ್ಲ, ಒಳಗೆ ಗಾಳಿಯ ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಚೇಂಬರಿಗೆ ನೇರ ಕರೆದೊಯ್ದರು. ಒತ್ತಡ 60 ಅಡಿ ನೀರಿನಾಳದಷ್ಟಕ್ಕೆ ಏರಿ, ಆಕ್ಸಿಜನ್ ಮಾಸ್ಕ್ ಹಾಕಿಕೊಂಡ ಹತ್ತು ನಿಮಿಷಕ್ಕೆ ನೋವು ಇಳಿಯಿತು. ಒಳಗಿದ್ದದ್ದು ಐದು ಗಂಟೆ ಹತ್ತಿರ.

ಈಗ ನನ್ನ ತಂಡದಲ್ಲಿ ಹೊಸ ಹುಡುಗರಿದ್ದಾರೆ. ಡೈವ್ ಮುಗಿಸಿ ಬಂದವನ ಹೆಲ್ಮೆಟ್ ತೆಗೆದ ಕೂಡಲೇ ಭುಜ, ಮೊಣಕೈ, ಮೊಣಕಾಲು ಹೆಸರು ಹಿಡಿದು ಕೇಳುತ್ತೇನೆ. ರಾತ್ರಿ ಊಟಕ್ಕೆ ಕೂತಾಗ ಮತ್ತೊಮ್ಮೆ.