ಹರಾಜಿನ ಮನೆ ಕೈಗೆ ಬರುವುದು ತಡವಾದರೆ ಬಡ್ಡಿ ಕೇಳುವುದು ಹೇಗೆ?

ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಬ್ಯಾಂಕ್ ಹರಾಜಿಗಿಟ್ಟ ಮನೆಯೊಂದನ್ನು ಕೊಂಡಿದ್ದೀರಿ ಎನ್ನೋಣ. ಹಣವೆಲ್ಲ ಕಟ್ಟಿ ಮಾರಾಟ ಪ್ರಮಾಣಪತ್ರವನ್ನೂ ಪಡೆದಾಗಿದೆ. ಆದರೆ ಮನೆಯಲ್ಲಿ ಹಳೆಯ ಮಾಲೀಕರೇ ಇದ್ದಾರೆ. ವಿಚಾರಿಸಿದಾಗಲೆಲ್ಲ ‘ಮುಂದಿನ ತಿಂಗಳು ನೋಡೋಣ’ ಎಂಬ ಉತ್ತರ. ಇದಕ್ಕೆಂದು ಮಾಡಿದ ಸಾಲದ ಕಂತು ಮಾತ್ರ ತಪ್ಪದೆ ಕಡಿತವಾಗುತ್ತಿದೆ.

ಈ ತಡಕ್ಕೆ ಬಡ್ಡಿ ಕೇಳಬಹುದು. ಆದರೆ ಸಾಲ ತೀರಿಸದವರ ಅಡವಿನ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಹರಾಜು ಹಾಕಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಲ್ಲಿ ಖರೀದಿದಾರರಿಗೆ ಇಂತಿಷ್ಟು ಬಡ್ಡಿ ಕೊಡಬೇಕೆಂದು ಬರೆದಿಲ್ಲ. ಬಾಯಿಮಾತಿನಲ್ಲಿ ಕೇಳುತ್ತ ಕುಳಿತವರಿಗೆ ಸಿಗುವುದು ಕಡಿಮೆ.

ಮೊದಲು ಹರಾಜು ಪ್ರಕಟಣೆಯನ್ನು ಮತ್ತೊಮ್ಮೆ ಓದಿ. ಬ್ಯಾಂಕ್ ವಶದಲ್ಲಿರುವುದು ‘ಭೌತಿಕ ಸ್ವಾಧೀನ’ವೋ ‘ಸಾಂಕೇತಿಕ ಸ್ವಾಧೀನ’ವೋ ಎಂಬುದು ಅಲ್ಲಿರುತ್ತದೆ. ಸಾಂಕೇತಿಕ ಎಂದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ, ಬೀಗದ ಕೈ ಸಿಕ್ಕಿಲ್ಲ ಎಂದರ್ಥ. ಒಳಗಿರುವವರನ್ನು ಬಿಡಿಸಿಕೊಳ್ಳುವುದು ಖರೀದಿದಾರರ ಹೊಣೆ ಎಂಬ ಷರತ್ತಿಗೆ ನೀವು ಸಹಿ ಹಾಕಿದ್ದರೆ ಬಡ್ಡಿಯ ವಾದ ಸೊರಗುತ್ತದೆ. ಅಂಥ ಷರತ್ತು ಇಲ್ಲದಿದ್ದರೆ, ‘ಇದ್ದಲ್ಲಿ ಇದ್ದ ಹಾಗೆ’ ಎಂಬ ಸಾಲೊಂದನ್ನೇ ತೋರಿಸಿ ಬ್ಯಾಂಕ್ ಕೈತೊಳೆದುಕೊಳ್ಳುವುದು ಸುಲಭವಲ್ಲ. ಆಸ್ತಿ ಒಪ್ಪಿಸುವ ಕೆಲಸವನ್ನು ಸರ್ಫೇಸಿ ಕಾಯ್ದೆಯಡಿ ರೂಪಿಸಿದ ನಿಯಮಗಳಲ್ಲಿ 9ನೆಯದು ಬ್ಯಾಂಕಿನ ಅಧಿಕೃತ ಅಧಿಕಾರಿಗೇ ವಹಿಸಿದೆ.

ಆ ಅಧಿಕಾರಿ ಮಾಡಬೇಕಾದದ್ದು, ಮನೆಯನ್ನು ವಶಪಡಿಸಿಕೊಡಿ ಎಂದು ಕಾಯ್ದೆಯ ಸೆಕ್ಷನ್ 14ರ ಅಡಿ ಮಡಿಕೇರಿಯಲ್ಲಿ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ. ಆದೇಶಕ್ಕೆ 30 ದಿನದ ಗಡುವು, ಕಾರಣ ಬರೆದು ವಿಸ್ತರಿಸಿದರೂ ಒಟ್ಟು 60 ದಿನ ಮೀರುವಂತಿಲ್ಲ. ಈ ಅರ್ಜಿ ಬ್ಯಾಂಕೇ ಹಾಕಬೇಕು. ಹಾಕಿದ ದಿನಾಂಕವನ್ನು ಬರವಣಿಗೆಯಲ್ಲಿ ಕೇಳಿ. ಬರುವ ಉತ್ತರವೂ ಮುಂದೆ ಸಾಕ್ಷ್ಯ, ಬಾರದಿದ್ದರೆ ಆ ಮೌನವೂ ಸಾಕ್ಷ್ಯವೇ.

ಈಗ ಮುಖ್ಯವಾದ ಪತ್ರ. ಹಣ ಕೊಡಬೇಕಾದ ದಿನ ಕರಾರಿನಲ್ಲಿ ನಿಗದಿಯಾಗಿಲ್ಲದಿದ್ದರೆ, ಬಡ್ಡಿ ಕೇಳುತ್ತೇನೆಂದು ತಿಳಿಸುವ ಲಿಖಿತ ನೋಟಿಸಿನಲ್ಲಿ ಕಾಣಿಸಿದ ದಿನದಿಂದ ನ್ಯಾಯಾಲಯ ಬಡ್ಡಿ ಕೊಡಿಸಬಹುದು ಎನ್ನುತ್ತದೆ 1978ರ ಬಡ್ಡಿ ಕಾಯ್ದೆ. ಆದ್ದರಿಂದ ಒಂದು ವಾರವೂ ಕಾಯಬೇಡಿ. ಹೀಗೆ ಬರೆದರೆ ಸಾಕು: ‘ಪೂರ್ತಿ ಮೊತ್ತವನ್ನು ಇಂಥ ದಿನ ಪಾವತಿಸಿದ್ದೇನೆ. ಸ್ವಾಧೀನ ಈವರೆಗೆ ಸಿಕ್ಕಿಲ್ಲ. 15 ದಿನಗಳೊಳಗೆ ಒಪ್ಪಿಸಿ. ಇಂಥ ದಿನಾಂಕದಿಂದ ಸ್ವಾಧೀನ ಸಿಗುವವರೆಗೆ ಬಡ್ಡಿಯನ್ನು ಕೋರುತ್ತೇನೆ.’ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಶಾಖೆಯಲ್ಲಿ ಒಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ.

ದರದ ಬಗ್ಗೆ ಆಸೆ ಮಿತಿಯಲ್ಲಿರಲಿ. ಶೇ 18 ಎಂದು ಬರೆಯುವ ವಕೀಲರಿದ್ದಾರೆ. ಆದರೆ ಬಡ್ಡಿ ಕಾಯ್ದೆ ನೋಡುವುದು ಬ್ಯಾಂಕುಗಳು ಠೇವಣಿಗೆ ಕೊಡುವ ಗರಿಷ್ಠ ದರವನ್ನು. ಶೇ 7ರಂತೆ ಹಿಡಿದರೂ 40 ಲಕ್ಷ ರೂಪಾಯಿಗೆ ವರ್ಷಕ್ಕೆ 2.80 ಲಕ್ಷ, ತಿಂಗಳಿಗೆ ಸುಮಾರು 23,333 ರೂಪಾಯಿ. ಅದಕ್ಕಿಂತ ಹೆಚ್ಚಿನ ನಷ್ಟವಾಗಿದ್ದರೆ ಸಾಲದ ಖಾತೆಯ ವಿವರ ಮತ್ತು ಬಾಡಿಗೆ ರಸೀದಿ ಇಟ್ಟು ಪರಿಹಾರವೆಂದು ಬೇರೆಯಾಗಿ ಕೇಳಿ.

ಬ್ಯಾಂಕ್ ಕಿವಿಗೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಓಡುವ ಮುನ್ನ ಯೋಚಿಸಿ. ಚಂಡೀಗಢ ಆಡಳಿತದ ನಿವೇಶನ ಹರಾಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ, ಸಾರ್ವಜನಿಕ ಹರಾಜಿನಲ್ಲಿ ಇದ್ದ ಸ್ಥಿತಿಯಲ್ಲೇ ಕೊಂಡವರು ‘ಗ್ರಾಹಕ’ರಲ್ಲ ಎಂದಿದೆ. ಸರ್ಕಾರಿ ವಲಯದ ಬ್ಯಾಂಕಾದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ದಾರಿಯನ್ನು ವಕೀಲರೊಂದಿಗೆ ಚರ್ಚಿಸಿ. ಹಳೆಯ ಮಾಲೀಕರು ಸಾಲ ವಸೂಲಾತಿ ನ್ಯಾಯಮಂಡಳಿಯಿಂದ ತಡೆಯಾಜ್ಞೆ ತಂದಿದ್ದರೆ ತಡವೆಲ್ಲ ಬ್ಯಾಂಕಿನದೆನ್ನಲಾಗದು. ಆಗ ನಿಮ್ಮನ್ನೂ ಪ್ರತಿವಾದಿಯಾಗಿ ಸೇರಿಸಬೇಕೆಂದು ಕೋರಿ, ಹರಾಜು ರದ್ದಾದರೆ ಹಣ ಬಡ್ಡಿಸಮೇತ ಮರಳಬೇಕೆಂದು ಅಲ್ಲಿಯೇ ಹೇಳಿ.

ಕೊಡಗಿನಲ್ಲಿ ಈ ತಡೆಯಾಜ್ಞೆಯ ಸಾಧ್ಯತೆಯನ್ನು ಬಿಡ್‌ಗೆ ಮೊದಲೇ ತೂಗಿ ನೋಡಬೇಕು. ಸರ್ಫೇಸಿಯ ಸೆಕ್ಷನ್ 31 ಕೃಷಿ ಭೂಮಿಯನ್ನು ಆ ಕಾಯ್ದೆಯಿಂದ ಹೊರಗಿಟ್ಟಿದೆ. ಕಾಫಿ ತೋಟ ಅದರೊಳಗೆ ಬರುತ್ತದೆಯೇ ಎಂಬುದೇ ಬೆಳೆಗಾರರ ತಕರಾರು. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗವಾದರೆ ಪಹಣಿಯಲ್ಲಿ ಒಕ್ಕದ (ಕೊಡವ ಕುಟುಂಬ ಮನೆತನದ) ಇತರರ ಹೆಸರುಗಳೂ ಇರಬಹುದು. ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಯಾರು ವಾಸವಿದ್ದಾರೆ ಎಂಬುದನ್ನು ಹೋಗಿ ಕಣ್ಣಾರೆ ನೋಡಿ.

ಸಿವಿಲ್ ನ್ಯಾಯಾಲಯದ ಹರಾಜಿನದು ಬೇರೆಯೇ ದಾರಿ: ಮಾರಾಟ ಅಂತಿಮವಾದ ಒಂದು ವರ್ಷದೊಳಗೆ ಸ್ವಾಧೀನಕ್ಕೆ ಅರ್ಜಿ ಹಾಕಬೇಕು.

ಕೊನೆಗೂ ಬೀಗದ ಕೈ ಸಿಕ್ಕ ದಿನ ಮಹಜರಿನಲ್ಲಿ ದಿನಾಂಕ, ವಿದ್ಯುತ್ ಮೀಟರಿನ ಓದು ಎರಡನ್ನೂ ಬರೆಸಿ. ‘ಇನ್ನಾವ ತಕರಾರೂ ಇಲ್ಲ’ ಎಂಬ ಅಚ್ಚಾದ ಸಾಲು ಅದರಲ್ಲಿದ್ದರೆ ಹೊಡೆದುಹಾಕಿಸಿ, ‘ಬಡ್ಡಿಯ ಹಕ್ಕನ್ನು ಉಳಿಸಿಕೊಂಡು ಸ್ವಾಧೀನ ಪಡೆದಿದ್ದೇನೆ’ ಎಂದು ಸೇರಿಸಿ ಸಹಿ ಮಾಡಿ.