ಬ್ರಿಟನ್ನಿನಲ್ಲಿ ಪಟೇಲರು ಎಲ್ಲೆಲ್ಲಿ? ಒಂದು ಅಡ್ಡಹೆಸರಿನ ನಕ್ಷೆ ಮಾಡುವ ಬಗೆ

ಲೆಸ್ಟರ್ ಊರಿನ ಮತದಾರರ ಪಟ್ಟಿ ತೆಗೆದರೆ ಸಾಲುಸಾಲಾಗಿ ಪಟೇಲ್ ಸಿಗುತ್ತದೆ. ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್ ಪಟ್ಟಿ ತೆಗೆದರೂ ಅಷ್ಟೇ. ಆದರೆ ಮೊದಲ ಹೆಸರುಗಳ ಮೇಲೆ ಬೆರಳಿಟ್ಟು ಓದಿ. ಲೆಸ್ಟರ್‌ನಲ್ಲಿ ಕಾಂತಿಭಾಯಿ, ಮಂಜುಲಾಬೆನ್, ಭಾವೇಶ್ ಬರುತ್ತಾರೆ. ಬ್ಲ್ಯಾಕ್‌ಬರ್ನ್‌ನಲ್ಲಿ ಯೂಸುಫ್, ಇಬ್ರಾಹಿಂ, ಫಾತಿಮಾ. ಅಡ್ಡಹೆಸರು ಒಂದೇ, ಬಂದ ದಾರಿ ಬೇರೆ ಬೇರೆ. ಹಿಂದೂ ಪಟೇಲರಲ್ಲಿ ಬಹಳ ಮಂದಿಯ ಮೂಲ ಗುಜರಾತಿನ ಚರೋತರ್, ಅಂದರೆ ಆನಂದ್ ಮತ್ತು ಖೇಡಾ ಸೀಮೆ. ಎಷ್ಟೋ ಮನೆತನಗಳು ಪೂರ್ವ ಆಫ್ರಿಕಾಕ್ಕೆ ಹೋಗಿ, ಒಂದೆರಡು ತಲೆಮಾರು ಅಲ್ಲಿದ್ದು ಬ್ರಿಟನ್ನಿಗೆ ಬಂದವು. ಲ್ಯಾಂಕಶೈರಿನ ಮುಸ್ಲಿಂ ಪಟೇಲರಲ್ಲಿ ಹೆಚ್ಚಿನವರ ಬೇರು ಭರೂಚ್, ಸೂರತ್ ಕಡೆಯದು; 1960ರ ದಶಕದಲ್ಲಿ ಅವರನ್ನು ಕರೆತಂದದ್ದು ಬಟ್ಟೆ ಗಿರಣಿಗಳ ಕೆಲಸ.

ಪಟೇಲ ಎನ್ನುವುದು ಹುದ್ದೆಯ ಹೆಸರು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಪಟೇಲ, ಶಾನುಭೋಗ ಇಬ್ಬರೂ ಇದ್ದರು. 1996ರಿಂದ 1999ರವರೆಗೆ ನಮ್ಮ ಮುಖ್ಯಮಂತ್ರಿಯಾಗಿದ್ದವರು ಜೆ.ಎಚ್. ಪಟೇಲ್. ಹುದ್ದೆಯಿಂದ ಹುಟ್ಟಿದ ಹೆಸರು ಜಾತಿ, ಧರ್ಮ, ಭಾಷೆಯ ಗಡಿ ಹಾಕಿಕೊಳ್ಳುವುದಿಲ್ಲ. ಹಾಗಾಗಿ ನಕ್ಷೆಗೆ ಕೈಹಾಕುವ ಮೊದಲೇ ಒಂದು ನಿರ್ಧಾರವಾಗಬೇಕು: ನಿಮಗೆ ಬೇಕಿರುವುದು ಹೆಸರಿನ ಹರಡುವಿಕೆಯೋ, ಒಂದು ಸಮುದಾಯದ ಹರಡುವಿಕೆಯೋ? ಮೊದಲನೆಯದಕ್ಕೆ ಅಡ್ಡಹೆಸರು ಸಾಕು. ಎರಡನೆಯದಕ್ಕೆ ಮೊದಲ ಹೆಸರನ್ನೂ ಜೊತೆಗೇ ಬರೆದುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಈ ಯೋಚನೆ ಬಂದರೆ ಮತ್ತೆ ಮೊದಲ ಪುಟದಿಂದ ಶುರುಮಾಡಬೇಕಾಗುತ್ತದೆ.

ಹೆಸರು ಎಲ್ಲಿ ಸಿಗುತ್ತದೆ

ಜನಗಣತಿಯ ಮೂಲ ನಮೂನೆಗಳಲ್ಲಿ ಹೆಸರಿದೆ, ಆದರೆ ಅವು 100 ವರ್ಷ ಮುಚ್ಚಿರುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಗಣತಿ ತೆರೆದದ್ದು 2022ರ ಜನವರಿಯಲ್ಲಿ. 1931ರ ಗಣತಿಯ ಕಾಗದಗಳು 1942ರಲ್ಲಿ ಬೆಂಕಿಗೆ ಹೋದವು, 1941ರಲ್ಲಿ ಗಣತಿಯೇ ನಡೆಯಲಿಲ್ಲ. ಪಟೇಲರ ದೊಡ್ಡ ವಲಸೆ ಎರಡನೇ ಮಹಾಯುದ್ಧದ ನಂತರದ್ದು, ಆದ್ದರಿಂದ ಹೆಸರಿಗಾಗಿ ಜನಗಣತಿಯ ಆಸೆ ಬಿಡಿ. ಅದರ ಅಂಕಿ ಪಟ್ಟಿಗಳು ಮಾತ್ರ ಮುಂದೆ ಬೇಕಾಗುತ್ತವೆ.

ಉಳಿದದ್ದರಲ್ಲಿ ಗಟ್ಟಿಯಾದದ್ದು ಮತದಾರರ ಪಟ್ಟಿ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಗಳಿಗೆ ಸಂಸತ್ತಿನ ಚುನಾವಣೆಯಲ್ಲೂ ಮತವಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರೂ ಪಟ್ಟಿಗೆ ಸೇರುವುದರಿಂದ ಭಾರತೀಯ ಹೆಸರುಗಳ ಮಟ್ಟಿಗೆ ಈ ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ.

ಪಟ್ಟಿಯಲ್ಲಿ ಎರಡು ಬಗೆ. ಪೂರ್ಣ ಪಟ್ಟಿಯನ್ನು ಸ್ಥಳೀಯ ಕೌನ್ಸಿಲ್‌ನಲ್ಲಿ ಸಿಬ್ಬಂದಿಯ ಕಣ್ಣೆದುರು ಯಾರು ಬೇಕಾದರೂ ನೋಡಬಹುದು, ಆದರೆ ಕೈಯಲ್ಲಿ ಬರೆದುಕೊಳ್ಳುವುದಕ್ಕಷ್ಟೇ ಅನುಮತಿ. ಫೋಟೋ, ಜೆರಾಕ್ಸ್ ಎರಡೂ ಇಲ್ಲ. 10 ವರ್ಷ ದಾಟಿದ ಪಟ್ಟಿಗಳಿಗೆ ಈ ಬಿಗಿ ಇಲ್ಲ. ಬ್ರಿಟಿಷ್ ಲೈಬ್ರರಿಯಲ್ಲಿ 1947ರಿಂದೀಚಿನವು ಇವೆ. ಎರಡನೆಯದು ಮಾರಾಟಕ್ಕೆ ಸಿಗುವ ಮುಕ್ತ ಪಟ್ಟಿ. ದುಡ್ಡು ತೆಗೆದುಕೊಂಡು ಹೆಸರು ಹುಡುಕಿಕೊಡುವ ತಾಣಗಳು ನಿಂತಿರುವುದು ಇದರ ಮೇಲೆ. ಆದರೆ ಬೇಡವೆಂದವರು ಇದರಿಂದ ಹೊರಗುಳಿಯಬಹುದು, ದೊಡ್ಡ ಪಾಲು ಜನ ಹೊರಗೇ ಇದ್ದಾರೆ. ಮುಕ್ತ ಪಟ್ಟಿಯಿಂದ ಬಂದ ಸಂಖ್ಯೆಯನ್ನು ‘ಇಷ್ಟು ಜನ ಪಟೇಲರಿದ್ದಾರೆ’ ಎಂದು ಬರೆಯಲೇಬೇಡಿ. ಊರು ಊರಿನ ನಡುವೆ ಹೋಲಿಸಲು ಮಾತ್ರ ಬಳಸಿ.

ಹೊಸಬರಿಗೆ ಹೊಳೆಯದ ಒಂದು ತೊಡಕಿದೆ. ಮುದ್ರಿತ ಪಟ್ಟಿ ಸಾಮಾನ್ಯವಾಗಿ ಅಕಾರಾದಿಯಾಗಿರುವುದಿಲ್ಲ, ಬೀದಿವಾರು, ಮನೆ ನಂಬರಿನ ಕ್ರಮದಲ್ಲಿರುತ್ತದೆ. ಒಂದು ಹೆಸರನ್ನು ಎಣಿಸಲು ಬೀದಿಬೀದಿ ಓದಿಕೊಂಡೇ ಹೋಗಬೇಕು. ಇಡೀ ಊರು ಒಬ್ಬರಿಂದಾಗದು. 4 ಊರು ಆರಿಸಿ, ಪ್ರತಿ ಊರಿನಲ್ಲಿ 3 ವಾರ್ಡ್ ತೆಗೆದುಕೊಳ್ಳಿ: ಹೆಸರು ದಟ್ಟವಾಗಿರುವುದೊಂದು, ಮಧ್ಯಮದ್ದೊಂದು, ಇಲ್ಲವೇ ಇಲ್ಲ ಎನಿಸುವುದೊಂದು. ಮೂರನೆಯದನ್ನು ಬಿಟ್ಟರೆ ಊರಿನ ಸರಾಸರಿ ಸುಮ್ಮನೆ ಮೇಲೇರುತ್ತದೆ. ವಾರ್ಡಿನ ಒಟ್ಟು ಮತದಾರರ ಸಂಖ್ಯೆಯನ್ನು ಅದೇ ದಿನ ಬರೆದುಕೊಳ್ಳಿ; ಮುಂದಿನ ಭಾಗಾಕಾರಕ್ಕೆ ಕೆಳಗಿನ ಅಂಕಿ ಅದೇ. ಹಾಳೆಯಲ್ಲಿ ಐದು ಕಾಲಂ ಸಾಕು: ಪಟ್ಟಿಯ ವರ್ಷ, ವಾರ್ಡ್, ಅಡ್ಡಹೆಸರು ಪಟ್ಟಿಯಲ್ಲಿದ್ದಂತೆ, ಮೊದಲ ಹೆಸರು, ಪೋಸ್ಟ್‌ಕೋಡ್. ಮನೆ ನಂಬರ್ ಬೇಡ. ಅದಿದ್ದರೆ ಬ್ರಿಟನ್ನಿನ 2018ರ ದತ್ತಾಂಶ ರಕ್ಷಣೆ ಕಾಯ್ದೆಯ ಹೊಣೆ ಹೆಚ್ಚುತ್ತದೆ, ನಕ್ಷೆಗೆ ಅದರಿಂದ ಲಾಭವೂ ಇಲ್ಲ. ಎಣಿಕೆ ಮುಗಿದ ಮೇಲೆ ಮೊದಲ ಹೆಸರಿನ ಕಾಲಂ ಅಳಿಸಿ, ಗುಂಪಿನ ಸಂಖ್ಯೆಯನ್ನಷ್ಟೇ ಉಳಿಸಿಕೊಳ್ಳಿ.

ಮಕ್ಕಳು ಈ ಪಟ್ಟಿಯಲ್ಲಿಲ್ಲ. ವಿದ್ಯಾರ್ಥಿಗಳು ಮನೆಯ ವಿಳಾಸದಲ್ಲೊಮ್ಮೆ, ಹಾಸ್ಟೆಲಿನಲ್ಲೊಮ್ಮೆ ಎರಡು ಕಡೆ ನೋಂದಾಯಿಸಿಕೊಳ್ಳಬಹುದು. ವಿಶ್ವವಿದ್ಯಾಲಯದ ಪಕ್ಕದ ವಾರ್ಡಿನಲ್ಲಿ ಹೆಸರು ಒಮ್ಮೆಲೇ ಏರಿದ್ದು ಕಂಡರೆ ಕಾರಣ ಬಹುತೇಕ ಇದೇ.

ಕಾಲದ ಪದರ ಬೇಕಾದರೆ

ಹೆಸರು ಯಾವ ದಶಕದಲ್ಲಿ ಎಲ್ಲಿಗೆ ಬಂತು ಎಂದು ತಿಳಿಯಲು ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ ಸೂಚಿ ನೋಡಿ. ಫ್ರೀಬಿಎಂಡಿ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಅಡ್ಡಹೆಸರು ಹಾಕಿ, ಒಂದು ಸಲಕ್ಕೆ ಒಂದೇ ವರ್ಷ ಆರಿಸಿ, ನೋಂದಣಿ ಜಿಲ್ಲೆಯ ಪ್ರಕಾರ ಎಣಿಸಿ. 1911ರ ಕೊನೆಯ ಭಾಗದಿಂದ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರೂ ಇದೆ. ಅಪ್ಪ ಪಟೇಲ್, ತಾಯಿಯ ತವರೂ ಪಟೇಲ್ ಆಗಿರುವ ಸಾಲುಗಳನ್ನು ಬೇರೆ ಎಣಿಸಿಟ್ಟರೆ, ಸಮುದಾಯದೊಳಗಿನ ಮದುವೆಗಳು ಯಾವ ಊರಿನಲ್ಲಿ ಎಷ್ಟಿವೆ ಎಂಬ ಒಂದು ಅಂದಾಜು ಸಿಗುತ್ತದೆ.

ಇಲ್ಲಿ ಎಡವುವ ಜಾಗ ಆಸ್ಪತ್ರೆ. ಜನನ ದಾಖಲಾಗುವುದು ಮಗು ಹುಟ್ಟಿದ ಜಿಲ್ಲೆಯಲ್ಲಿ, ತಾಯಿತಂದೆಯ ಮನೆಯಿರುವ ಜಿಲ್ಲೆಯಲ್ಲಿ ಅಲ್ಲ. ಹೆರಿಗೆ ಆಸ್ಪತ್ರೆಯಿರುವ ಜಿಲ್ಲೆಯ ಸಂಖ್ಯೆ ಉಬ್ಬಿರುತ್ತದೆ, ಪಕ್ಕದ್ದು ಖಾಲಿ ಕಾಣುತ್ತದೆ. ಅಕ್ಕಪಕ್ಕದ ಎರಡು ಮೂರು ಜಿಲ್ಲೆಗಳನ್ನು ಕೂಡಿಸಿ ಒಂದು ಪ್ರದೇಶವೆಂದು ಹಿಡಿಯುವುದು ಮೇಲು. 1974ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಗಡಿಗಳೂ ಬದಲಾದವು. ಅದರ ಹಿಂದಿನ ಮುಂದಿನ ಸಂಖ್ಯೆಗಳನ್ನು ಹಾಗೇ ಒಂದು ಗೆರೆಯಲ್ಲಿ ಎಳೆದರೆ ವಲಸೆಯೇ ಏರಿಳಿದಂತೆ ತೋರುತ್ತದೆ.

ವರ್ಷಗಳನ್ನು ಆರಿಸುವಾಗ ಮೂರು ಘಟನೆಗಳನ್ನು ಎದುರಿಗಿಟ್ಟುಕೊಳ್ಳಿ. 1962ರ ವಲಸೆ ಕಾಯ್ದೆ ಕಾಮನ್‌ವೆಲ್ತ್‌ನವರ ಬರುವಿಕೆಗೆ ಮೊದಲ ಕಡಿವಾಣ ಹಾಕಿತು. 1968ರ ಕಾಯ್ದೆ ಕೀನ್ಯಾದಿಂದ ಹೊರಟಿದ್ದ ಏಷ್ಯನ್ನರನ್ನು ತಡೆಯಲೆಂದೇ ಅವಸರದಲ್ಲಿ ಬಂತು. 1972ರ ಆಗಸ್ಟ್‌ನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟಾಗ ಸುಮಾರು 27,000 ಮಂದಿ ಬ್ರಿಟನ್ನಿಗೆ ಬಂದಿಳಿದರು. ಅದೇ ವರ್ಷ ಲೆಸ್ಟರ್ ನಗರಾಡಳಿತ ‘ಉಗಾಂಡ ಆರ್ಗಸ್’ ಪತ್ರಿಕೆಯಲ್ಲಿ ‘ನಮ್ಮ ಊರಿಗೆ ಬರಬೇಡಿ’ ಎಂಬರ್ಥದ ಜಾಹೀರಾತು ಕೊಟ್ಟಿತು. ಜನ ಬಂದರು, ನೆಲೆ ನಿಂತರು. ಬೆಲ್‌ಗ್ರೇವ್ ಬಡಾವಣೆ, ಮೆಲ್ಟನ್ ರಸ್ತೆಗಳು ಇಂದು ಹೇಗಿವೆಯೋ ಅದು ಅವರ ದುಡಿಮೆ. 1961, 1967, 1971, 1975, 1981: ಈ ಐದು ವರ್ಷಗಳ ಎಣಿಕೆ ತೆಗೆದರೆ ಮೂರೂ ತಿರುವುಗಳ ಹಿಂದುಮುಂದು ಸಿಗುತ್ತದೆ.

ಪೋಸ್ಟ್‌ಕೋಡಿನಿಂದ ನಕ್ಷೆಗೆ

ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಪೋಸ್ಟ್‌ಕೋಡ್ ಡೈರೆಕ್ಟರಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಪ್ರತಿ ಪೋಸ್ಟ್‌ಕೋಡ್ ಯಾವ ವಾರ್ಡ್, ಯಾವ ಸ್ಥಳೀಯ ಆಡಳಿತಕ್ಕೆ ಸೇರಿದ್ದೆಂದು ಅದರಲ್ಲಿದೆ. ಇಲ್ಲಿ ಅರ್ಧ ಸಾಲುಗಳು ಹೊಂದಿಕೆಯಾಗದೆ ಉಳಿದರೆ ಮೊದಲು ಜಾಗವನ್ನು, ಅಂದರೆ ಸ್ಪೇಸ್ ಅನ್ನು ನೋಡಿ. ಡೈರೆಕ್ಟರಿಯಲ್ಲಿ ಒಂದೇ ಪೋಸ್ಟ್‌ಕೋಡನ್ನು ಬೇರೆ ಬೇರೆ ಅಂತರದಲ್ಲಿ ಬರೆದ ಕಾಲಂಗಳಿವೆ. ಎರಡೂ ಕಡೆ ಸ್ಪೇಸ್ ಪೂರ್ತಿ ತೆಗೆದು, ಎಲ್ಲ ದೊಡ್ಡಕ್ಷರ ಮಾಡಿ, ಆಮೇಲೆ ಹೊಂದಿಸಿ.

ಊರಿನ ಹೆಸರಿನಿಂದ ಹೊಂದಿಸಬೇಡಿ. ನಾವು ಬ್ಲ್ಯಾಕ್‌ಬರ್ನ್ ಎನ್ನುವುದು ಕಡತದಲ್ಲಿ ‘ಬ್ಲ್ಯಾಕ್‌ಬರ್ನ್ ವಿತ್ ಡಾರ್ವೆನ್’. ಬ್ರಿಸ್ಟಲ್ ಅಲ್ಲಿ ‘ಬ್ರಿಸ್ಟಲ್, ಸಿಟಿ ಆಫ್’. ಪ್ರತಿ ಸ್ಥಳೀಯ ಆಡಳಿತಕ್ಕಿರುವ ಒಂಬತ್ತು ಅಕ್ಷರದ ಸಂಕೇತ ಬಳಸಿ: ಲೆಸ್ಟರ್ ಇ06000016, ಬ್ಲ್ಯಾಕ್‌ಬರ್ನ್ ಇ06000008, ಲಂಡನ್ನಿನ ಭಾಗಗಳಾದ ಹ್ಯಾರೋ ಇ09000015, ಬ್ರೆಂಟ್ ಇ09000005. ಗಡಿಯ ಕಡತವೂ (ಆಡಳಿತ ಪ್ರದೇಶಗಳ ಗಡಿಗೆರೆಗಳಿರುವುದು) ಜನಸಂಖ್ಯೆಯ ಕಡತವೂ ಒಂದೇ ವರ್ಷದ್ದಾಗಿರಲಿ. 2021ರ ಗಣತಿಗೆ ಇಂಗ್ಲೆಂಡ್, ವೇಲ್ಸ್ ಸೇರಿ 331 ಸ್ಥಳೀಯ ಆಡಳಿತಗಳಿದ್ದವು, 2023ರ ವಿಲೀನದ ನಂತರ 318. ವರ್ಷ ಬೆರೆತರೆ ಕಂಬ್ರಿಯ, ನಾರ್ತ್ ಯಾರ್ಕ್‌ಶೈರ್, ಸಾಮರ್‌ಸೆಟ್ ಇರುವ ಕಡೆ ನಕ್ಷೆಯಲ್ಲಿ ಬಿಳಿ ತೇಪೆ ಕಾಣುತ್ತದೆ.

ಈಗ ಲೆಕ್ಕ. ಬರಿಯ ಎಣಿಕೆಯನ್ನು ನಕ್ಷೆಗೆ ಬಣ್ಣವಾಗಿ ಹಾಕಿದರೆ ಜನ ಹೆಚ್ಚಿರುವ ಊರುಗಳಷ್ಟೇ ಕಪ್ಪಾಗುತ್ತವೆ, ಹೆಸರಿನ ಬಗ್ಗೆ ಏನೂ ತಿಳಿಯುವುದಿಲ್ಲ. ತಿಳಿಯಲೆಂದು ಅಂಕಿ ಊಹಿಸಿಕೊಳ್ಳೋಣ. 1,50,000 ಮತದಾರರ ಊರಿನಲ್ಲಿ 1,800 ಪಟೇಲರಿದ್ದರೆ 10,000ಕ್ಕೆ 120. 7,00,000 ಮತದಾರರ ನಗರದಲ್ಲಿ 2,100 ಇದ್ದರೆ 10,000ಕ್ಕೆ 30. ದೇಶದ ಸರಾಸರಿ 10,000ಕ್ಕೆ 20 ಎಂದಿಟ್ಟುಕೊಂಡರೆ, ಮೊದಲ ಊರಿನ ಸಾಂದ್ರತೆ 120 ಭಾಗ 20, ಅಂದರೆ 6 ಪಟ್ಟು, ಎರಡನೆಯದು 1.5 ಪಟ್ಟು. ತಲೆ ಎಣಿಸಿದರೆ ನಗರ ಮುಂದು, ಸಾಂದ್ರತೆಯಲ್ಲಿ ಸಣ್ಣ ಊರು ನಾಲ್ಕು ಪಟ್ಟು ಮುಂದು. ನಕ್ಷೆಗೆ ಈ ‘ಪಟ್ಟು’ ಹಾಕಿ, ಎಣಿಕೆಯನ್ನು ಪಕ್ಕದ ಪಟ್ಟಿಯಲ್ಲಿ ಕೊಡಿ.

ಹೆಸರು 10ಕ್ಕಿಂತ ಕಡಿಮೆ ಇರುವ ಜಾಗಕ್ಕೆ ಬಣ್ಣ ಕೊಡಬೇಡಿ. 2,000 ಮತದಾರರ ಹಳ್ಳಿಗೆ 8 ಜನರ ಒಂದೇ ಕುಟುಂಬ ಬಂದರೆ ಸಾಕು, ಅದು ದೇಶದ ಸರಾಸರಿಯ ಎರಡು ಪಟ್ಟು ಆಗಿಬಿಡುತ್ತದೆ. ಅಂಥ ಬಣ್ಣ ಆ ಒಂದು ಮನೆಯನ್ನೇ ಬೆರಳು ಮಾಡಿ ತೋರಿಸಿದಂತೆ. ಹಳ್ಳಿಯ ಕಿರಾಣಿ ಅಂಗಡಿಯ ಮನೆಯವರಿಗೆ ಅದು ಹಿತವಲ್ಲ.

ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಉಚಿತ, ಈ ಕೆಲಸಕ್ಕೆ ಸಾಕು. ಗಡಿ ಕಡತ ಬ್ರಿಟಿಷ್ ನ್ಯಾಷನಲ್ ಗ್ರಿಡ್ ಎಂಬ ಸ್ಥಾನ ಗುರುತಿಸುವ ಪದ್ಧತಿಯಲ್ಲಿದ್ದರೆ (ತಂತ್ರಾಂಶದಲ್ಲಿ ಅದರ ಸಂಖ್ಯೆ 27700) ತಂತ್ರಾಂಶದಲ್ಲಿ ತೆರೆದ ಯೋಜನೆಯನ್ನೂ ಅದಕ್ಕೇ ಇಡಿ. ಬಣ್ಣದ ಮೆಟ್ಟಿಲು 0.5, 1, 2, 5 ಎಂದು ನೀವೇ ಬರೆಯಿರಿ. ತಂತ್ರಾಂಶದ ಸಮ ಅಂತರದ ಮೆಟ್ಟಿಲು ಬಳಸಿದರೆ ಲೆಸ್ಟರ್, ಹ್ಯಾರೋ ಬಿಟ್ಟು ಉಳಿದದ್ದೆಲ್ಲ ಒಂದೇ ಬಣ್ಣವಾಗಬಹುದು. ಲಂಡನ್ನಿಗೆ ಮೂಲೆಯಲ್ಲಿ ದೊಡ್ಡದಾಗಿ ಬೇರೆ ಚಿತ್ರ ಬೇಕೇ ಬೇಕು, ಇಲ್ಲದಿದ್ದರೆ ಬ್ರೆಂಟ್, ಹ್ಯಾರೋ ಕಣ್ಣಿಗೇ ಬೀಳವು.

ಒಂದು ಪಟೇಲನ್ನು ಎರಡು ಮಾಡುವುದು

ಗುಂಪು ಬೇರ್ಪಡಿಸಲು ಮೊದಲ ಹೆಸರೇ ಆಧಾರ. ಹಳೆಯ ತಲೆಮಾರಿನಲ್ಲಿ ‘ಭಾಯಿ’, ‘ಬೆನ್’ ಬಾಲಗಳು ಒಳ್ಳೆಯ ಗುರುತು. 1980ರ ನಂತರ ಹುಟ್ಟಿದವರಲ್ಲಿ ಅವು ವಿರಳ; ಸಮೀರ್, ಸೋನಿಯಾದಂಥ ಹೆಸರು ಎರಡೂ ಕಡೆ ಬರುತ್ತದೆ. ಅವನ್ನು ‘ತಿಳಿಯದು’ ಎಂಬ ಮೂರನೇ ಗುಂಪಿಗೆ ಹಾಕಿ, ಬಲವಂತವಾಗಿ ಹಂಚಬೇಡಿ. ಮುಸ್ಲಿಂ ಮನೆಗಳಲ್ಲಿ ಕೆಲವು ಹೆಂಗಸರ ಕೊನೆಯ ಹೆಸರು ಬೀಬಿ ಅಥವಾ ಬೇಗಂ ಆಗಿರುವುದರಿಂದ ಅಲ್ಲಿ ಹೆಣ್ಣು ಪಟೇಲರ ಎಣಿಕೆ ಕಡಿಮೆ ಬೀಳುತ್ತದೆ. ಗಂಡು ಹೆಣ್ಣಿನ ಪ್ರಮಾಣ ಪರೀಕ್ಷಿಸಿ. ತೀರಾ ಓರೆಯಾಗಿದ್ದರೆ ಕಾರಣ ಇದಿರಬಹುದು.

ನಿಮ್ಮ ವಿಂಗಡಣೆ ಸರಿಯೇ ಎಂದು ನೋಡಲು ಅಧಿಕೃತ ಅಂಕಿಅಂಶಗಳ ನೋಮಿಸ್ ತಾಣದಿಂದ 2021ರ ಧರ್ಮದ ಪಟ್ಟಿ (ಟಿಎಸ್030), ಭಾಷೆಯ ಪಟ್ಟಿ (ಟಿಎಸ್024) ಇಳಿಸಿಕೊಳ್ಳಿ. ಹ್ಯಾರೋದಲ್ಲಿ ಹಿಂದೂಗಳು 25.8%, ಲೆಸ್ಟರ್‌ನಲ್ಲಿ 17.9%, ಬ್ಲ್ಯಾಕ್‌ಬರ್ನ್‌ನಲ್ಲಿ ಮುಸ್ಲಿಮರು 35%. ನೀವು ಹಿಂದೂ ಎಂದು ಗುರುತಿಸಿದ ಪಟೇಲರು ಬ್ಲ್ಯಾಕ್‌ಬರ್ನ್‌ನಲ್ಲೇ ರಾಶಿ ಬಿದ್ದಿದ್ದರೆ ವಿಂಗಡಣೆಯಲ್ಲಿ ತಪ್ಪಿದೆ. ಬೋಲ್ಟನ್ ಮಾತ್ರ ಎಚ್ಚರ: ಅಲ್ಲಿ ಎರಡೂ ಗುಂಪಿನವರು ನೆಲೆಸಿದ್ದಾರೆ.

ಬೇರೆ ಹೆಸರುಗಳಿಗೆ

ಗಿಲ್ ಎಂಬುದು ಪಂಜಾಬಿನ ಹೆಸರು, ಹಳೆಯ ಇಂಗ್ಲಿಷ್ ಹೆಸರೂ ಹೌದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 1881ರ ಜನಗಣತಿ ಮತ್ತು 1998ರ ಮತದಾರರ ಪಟ್ಟಿಯಿಂದ ಅಡ್ಡಹೆಸರುಗಳ ನಕ್ಷೆ ಮಾಡಿದ್ದಾರೆ; ಪಟೇಲ್‌ಗೆ 1881ರದು ಉಪಯೋಗವಿಲ್ಲ, ಗಿಲ್‌ಗೆ ಅದೇ ಜೀವಾಳ. 1881ರಲ್ಲೇ ದಟ್ಟವಾಗಿದ್ದ ಕಡೆ ಇಂಗ್ಲಿಷ್ ಗಿಲ್ ಎಂದು ಹಿಡಿಯಬಹುದು, ಹೊಸದಾಗಿ ಮೂಡಿದ ಕಡೆ ಪಂಜಾಬಿ. ಸಿಂಗ್ ಎಣಿಸುವವರು ಸಿಖ್ ಹೆಂಗಸರ ಹೆಸರಾದ ಕೌರ್ ಬಿಡಬಾರದು.

ನಮ್ಮ ಕಡೆಯ ಹೆಸರುಗಳಲ್ಲಿ ಶೆಟ್ಟಿ, ಹೆಗಡೆ ಸುಲಭ: ಬೇರೆಯವರ ಜೊತೆ ಬೆರೆಯುವುದು ಕಡಿಮೆ, ಸ್ಪೆಲಿಂಗ್ ಮಾತ್ರ ನೋಡಬೇಕು. ಶೆಟ್ಟಿಯ ಕೊನೆಗೆ ವೈ ಇರಬಹುದು, ಐ ಇರಬಹುದು. ಗೌಡದಲ್ಲಿ ಓಡಬ್ಲ್ಯು, ಎಯು ಎರಡೂ ಹುಡುಕಿ. ಭಟ್ ಕಷ್ಟ: ಒಂದು ಟಿ ಇರುವವರಲ್ಲಿ ಕರಾವಳಿಯವರೂ ಕಾಶ್ಮೀರದವರೂ ಇದ್ದಾರೆ, ಎರಡು ಟಿ ಇರುವವರಲ್ಲಿ ಗುಜರಾತಿಗಳು ಬಹಳ. ಡಿಸೋಜಾಗೆ ನಾಲ್ಕು ಸಲ ಹುಡುಕಬೇಕು: ಅಪಾಸ್ಟ್ರಫಿ ಇಟ್ಟು, ಬಿಟ್ಟು, ಡಿ ನಂತರ ಸ್ಪೇಸ್ ಕೊಟ್ಟು, ‘ಡಿ’ ಬದಲು ‘ಡೆ’ ಹಾಕಿ. ಮಂಗಳೂರಿನ ಮನೆಗಳನ್ನು ಗೋವಾದವುಗಳಿಂದ ಬೇರ್ಪಡಿಸಲು ಹೆಸರೊಂದೇ ಸಾಲದು. ಸ್ವಿಂಡನ್‌ನಲ್ಲಿ ಪೋರ್ಚುಗಲ್ ಪಾಸ್‌ಪೋರ್ಟಿನ ಮೇಲೆ ಬಂದ ಗೋವಾದವರು ಬಹಳ, ಆದ್ದರಿಂದ ಅಲ್ಲಿನ ದಟ್ಟಣೆಯನ್ನು ಮಂಗಳೂರಿನ ಲೆಕ್ಕಕ್ಕೆ ಬರೆಯಬೇಡಿ.

ಅಪ್ಪನ ಹೆಸರನ್ನೇ ಕೊನೆಯ ಹೆಸರಾಗಿ ಪಾಸ್‌ಪೋರ್ಟಿಗೆ ಹಾಕಿಸಿದ ಕನ್ನಡಿಗರು ಈ ವಿಧಾನಕ್ಕೆ ಸಿಗುವುದೇ ಇಲ್ಲ. ಮಂಜುನಾಥ್, ನಾಗರಾಜ್ ಎಂದು ಕೊನೆಗಿರುವವರಲ್ಲಿ ತಮಿಳರು, ತೆಲುಗರೂ ಇದ್ದಾರೆ, ಮುಂದಿನ ತಲೆಮಾರಿಗೆ ಆ ಹೆಸರು ಬದಲಾಗಲೂಬಹುದು. ಇವರಿಗೆ ‘ಅಡ್ಡಹೆಸರಿಲ್ಲ’ ಎಂಬ ಬೇರೆ ಸಾಲು ಹಾಕಿ, ನಕ್ಷೆಯ ಕೆಳಗೆ ಆ ಸಾಲನ್ನೂ ಅಚ್ಚುಮಾಡಿ.