ಸೌತ್ ಪರೇಡಿಗೆ ಬಣ್ಣ ಹಚ್ಚಿದ ಬಗೆ

ಹಳೆಯ ಬೆಂಗಳೂರಿನ ಬೀದಿಗಳ ಚಿತ್ರಗಳು ಕಪ್ಪು-ಬಿಳುಪಿನಲ್ಲಿದ್ದರಷ್ಟೇ ಗೋಡೆಗೆ ಶೋಭೆ, ಬಣ್ಣ ಹಚ್ಚಿದರೆ ಕ್ಯಾಲೆಂಡರಿನಂತೆ ಕಾಣುತ್ತವೆ ಎಂದು ಫ್ರೇಮ್ ಅಂಗಡಿಯವರೂ ಛಾಯಾಗ್ರಾಹಕ ಮಿತ್ರರೂ ಒಂದೇ ಬಾಯಿಂದ ಹೇಳಿದ್ದರು. 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯೆಂದು ಹೆಸರಾದ ಸೌತ್ ಪರೇಡಿನ ಹಳೆಯ ಫೋಟೋಗೆ ಬಣ್ಣ ಹಚ್ಚಿದ ಮೂರಡಿ ಅಗಲದ ಚಿತ್ರವೇ ಈಗ ನನ್ನಲ್ಲಿ ಹೆಚ್ಚು ಮಾರಾಟವಾಗುತ್ತಿರುವುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ತಂತ್ರಾಂಶ ತಾನೇ ಹಚ್ಚುವ ಬಣ್ಣವನ್ನು ನಾನೂ ನೋಡಿದೆ. ಅದು ಮಣ್ಣಿನ ರಸ್ತೆಗೆ ಡಾಂಬರು ಬಳಿಯಿತು, ಆಕಾಶಕ್ಕೆ ಗಾಢ ನೀಲಿ ತುಂಬಿತು, ಸೀರೆಗಳನ್ನೆಲ್ಲ ಕಂದು ಮಾಡಿತು. ಆ ಕಾಲದ ಕ್ಯಾಮೆರಾಗಳಲ್ಲಿ ಫಿಲ್ಮಿನ ಬದಲು ಬಳಸುತ್ತಿದ್ದ ಹೆಚ್ಚಿನ ಗಾಜಿನ ಪ್ಲೇಟುಗಳು ಕೆಂಪನ್ನು ಗ್ರಹಿಸುತ್ತಿರಲಿಲ್ಲ, ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಆದ್ದರಿಂದಲೇ ಅಂಚೆಪೆಟ್ಟಿಗೆಯೂ ಮಂಗಳೂರು ಹೆಂಚೂ ಕಪ್ಪಾಗಿ, ಆಕಾಶ ಬರಿಯ ಬಿಳಿಯಾಗಿ ಕಾಣುತ್ತವೆ. ಕಪ್ಪಾದ ಹೆಂಚಿನ ಮೇಲೆ ತಂತ್ರಾಂಶದ ಕಲರ್ ಲೇಯರಿನಲ್ಲಿ (ಬೆಳಕು-ಕತ್ತಲನ್ನು ಮುಟ್ಟದೆ ಬಣ್ಣವನ್ನಷ್ಟೇ ಸೇರಿಸುವ ಪದರದಲ್ಲಿ) ಎಷ್ಟು ಕೆಂಪು ಸುರಿದರೂ ಅದು ಕಪ್ಪಾಗಿಯೇ ಉಳಿಯುತ್ತದೆ. ಹೆಂಚಿನ ಭಾಗಕ್ಕೆ ಮಾತ್ರ ಮಾಸ್ಕ್ ಮಾಡಿ (ಉಳಿದ ಭಾಗವನ್ನು ಮುಚ್ಚಿಟ್ಟು), ಬೆಳಕು-ನೆರಳು ಹೊಂದಿಸುವ ಕರ್ವ್ಸ್‌ನಲ್ಲಿ ಮೊದಲು ಬೆಳಕನ್ನೆತ್ತಿ, ಆಮೇಲೆ ಬಣ್ಣ ಕೊಡಬೇಕು. ಎಷ್ಟು ಎತ್ತಬೇಕೆಂಬುದನ್ನು ಮಾತ್ರ ನಾನು ಇಲ್ಲಿ ಹೇಳುವುದಿಲ್ಲ.

ನಾನು ಆರಂಭಿಸುವುದು ಆಕಾಶದಿಂದಲ್ಲ, ನೆಲದಿಂದ. ಕೆಮ್ಮಣ್ಣನ್ನು ಒಣಗಿದ್ದಾಗೊಮ್ಮೆ, ನೆನೆದಾಗೊಮ್ಮೆ ನಿಜಬಣ್ಣ ಹೊಂದಿಸಲು ಬಳಸುವ ಬೂದುಕಾರ್ಡಿನ ಪಕ್ಕದಲ್ಲಿಟ್ಟು ಫೋಟೋ ತೆಗೆದು, ಆ ಬಣ್ಣವನ್ನೇ ರಸ್ತೆಗೂ, ತೆಳುವಾಗಿ ಗೋಡೆಗಳ ಬುಡಕ್ಕೂ, ಜಟಕಾ ಗಾಲಿಗಳಿಗೂ, ಕುದುರೆಯ ಕಾಲುಗಳಿಗೂ ಹರಡುತ್ತೇನೆ. ಧೂಳು ಸರಿಯಾಗಿ ಕೂತರೆ ಚಿತ್ರದ ಅರ್ಧ ಕೆಲಸ ಮುಗಿದಂತೆ.

ಹಣ ಹೋದದ್ದು ಬಣ್ಣಕ್ಕಲ್ಲ, ಮೂಲಪ್ರತಿ ಮತ್ತು ಮುದ್ರಣಕ್ಕೆ. ಅಚ್ಚಾದ ಹಳೆಯ ಪೋಸ್ಟ್‌ಕಾರ್ಡುಗಳನ್ನು ಒಂದೊಂದಕ್ಕೆ ಐನೂರು, ಆರುನೂರು ಕೊಟ್ಟು ತಂದೆ. ಹಾಫ್‌ಟೋನ್ (ಅಚ್ಚಿನಲ್ಲಿ ಚಿತ್ರ ಮೂಡಿಸುವ ಸಣ್ಣ) ಚುಕ್ಕೆಗಳಿದ್ದ ಕಾರ್ಡುಗಳು ಮೂರಡಿಗೆ ಹಿಗ್ಗಿಸಿದಾಗ ಜಾಲರಿಯಂತಾಗಿ ಕೆಲಸಕ್ಕೆ ಬರಲಿಲ್ಲ. ಈಗ ನಿಜವಾದ ಫೋಟೋ ಕಾಗದದ ಮೇಲಿನವು ಅಥವಾ ಚುಕ್ಕೆಗಳಿಲ್ಲದೆ ಅಚ್ಚಾಗುವ ಕೊಲೋಟೈಪ್ ಮಾತ್ರ ಕೊಳ್ಳುತ್ತೇನೆ, ಚುಕ್ಕೆ ಪತ್ತೆಹಚ್ಚುವ ಪುಟ್ಟ ಭೂತಗನ್ನಡಿ (ಲೂಪ್) ಇಲ್ಲದೆ ಅಂಗಡಿಗೆ ಹೋಗುವುದಿಲ್ಲ. ಕ್ಯಾನ್ವಾಸಿನಲ್ಲಿ ಮುದ್ರಿಸಿದ್ದೂ ಉಂಟು: ಮಳೆಗಾಲದಲ್ಲಿ ಅದು ಸಡಿಲಗೊಂಡಿತು, ಅಂಗಡಿ ಫಲಕಗಳ ಅಕ್ಷರಗಳು ನೇಯ್ಗೆಯಲ್ಲಿ ಕರಗಿದವು, ಸುಮಾರು ಇಪ್ಪತ್ತು ಸಾವಿರ ಕೈಬಿಟ್ಟಿತು. ಮ್ಯಾಟ್ ಹತ್ತಿಕಾಗದಕ್ಕೆ ಬಂದ ಮೇಲೆ ಮುದ್ರಣ ಮತ್ತು ಫ್ರೇಮಿಗೆ ಒಟ್ಟು ಐದಾರು ಸಾವಿರ ತಗಲುತ್ತದೆ. ಹನ್ನೊಂದಕ್ಕೆ ಮಾರುತ್ತೇನೆ, ಚೌಕಾಸಿಗೆ ಒಪ್ಪುವುದಿಲ್ಲ.

ನಡುವೆ, ಹಿಂದಿನ ಸ್ಟುಡಿಯೋಗಳವರಂತೆ ಮುದ್ರಿತ ಪ್ರತಿಯ ಮೇಲೆಯೇ ಜಲವರ್ಣದಿಂದ ಕೈಬಣ್ಣ ಹಚ್ಚಿ ನೋಡಿದೆ. ಮುಖಗಳಿಗೆ ಅದರ ಸೊಗಸೇ ಬೇರೆ, ಆದರೆ ಒಂದು ಪ್ರತಿಗೆ ವಾರ ಹಿಡಿದರೆ ಬಾಡಿಗೆ ಕಟ್ಟುವುದು ಹೇಗೆ? ಹೆಚ್ಚು ಫಲ ಕೊಟ್ಟದ್ದು ಇನ್ನೊಂದು ಪ್ರಯೋಗ. ಹಳೆಯ ಛಾಯಾಗ್ರಾಹಕ ನಿಂತಿದ್ದ ಜಾಗವನ್ನು ಅಂದಾಜಿಸಿ, 2011ರಿಂದ ಮೆಟ್ರೋ ಓಡುತ್ತಿರುವ ಮೇಲ್ಸೇತುವೆಯೊಂದಿಗೆ ಇಂದಿನ ಬೀದಿಯನ್ನು ಸೆರೆಹಿಡಿದು, ಅದನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ಬಣ್ಣದ ಸೌತ್ ಪರೇಡಿನ ಪಕ್ಕಕ್ಕೆ ಜೋಡಿಸಿದೆ. ವಾಸ್ತುಶಿಲ್ಪಿಗಳ ಕಚೇರಿಗಳು ಜೋಡಿಯನ್ನೇ ಕೇಳುತ್ತವೆ. ಪ್ರತಿ ಫ್ರೇಮಿನ ಹಿಂದೆ ಯಾವ ಬಣ್ಣಕ್ಕೆ ಆಧಾರವಿದೆ, ಯಾವುದು ನನ್ನ ಊಹೆ ಎಂದು ಬರೆದು ಅಂಟಿಸುತ್ತೇನೆ. ಸೀರೆ, ರುಮಾಲುಗಳೆಲ್ಲ ಊಹೆಯ ಪಟ್ಟಿಯಲ್ಲೇ ಇವೆ.